ತಾಲೀಮಿನ ಮಣ್ಣನ್ನು ಮೆಚ್ಚಿದ ಅರಸ: ರಾಜರ್ಷಿ ಶಾಹೂ ಮಹಾರಾಜ

ಕೊಲ್ಲಾಪುರದ ಶಾಹೂ ಕ್ರೀಡಾಂಗಣದಲ್ಲಿ ಫುಟ್ಬಾಲ್ ಪಂದ್ಯ ನಡೆಯುವ ದಿನ ನಗರದ ಪೇಟೆಗಳೆಲ್ಲ ಎರಡಾಗುತ್ತವೆ. ಮನೆಯ ಮಾಳಿಗೆಯ ಮೇಲೆ ಬಾವುಟ, ಬೀದಿಯಲ್ಲಿ ಹಲಗೆಯ ಸದ್ದು, ಕಟ್ಟೆಯ ಮೇಲೆ ಹಿರಿಯರ ವಾಗ್ವಾದ. ಅಲ್ಲಿ ಸೆಣಸುವ ತಂಡಗಳ ಹೆಸರು ಕೇಳಿದ ಪರಸ್ಥಳದವರಿಗೆ ಮಾತ್ರ ಒಂದು ಸಂಶಯ ಮೂಡುವುದು ಸಹಜ. ಪಾಟಾಕಡೀಲ ತಾಲೀಮ್ ಮಂಡಳ, ಬಾಲಗೋಪಾಲ ತಾಲೀಮ್, ಖಂಡೋಬಾ ತಾಲೀಮ್, ದಿಲ್‌ಬಹಾರ್ ತಾಲೀಮ್ – ಹೀಗೆ ಸಾಗುತ್ತದೆ ಆ ಪಟ್ಟಿ. ಚೆಂಡನ್ನು ಒದೆಯುವ ತಂಡಕ್ಕೆ ಕುಸ್ತಿಯ ಗರಡಿಮನೆಯ ಹೆಸರೇಕೆ?

ಇಂಗ್ಲೆಂಡಿನ ಹೆಸರಾಂತ ಫುಟ್ಬಾಲ್ ಕ್ಲಬ್ಬುಗಳೂ ಇಂಥದೇ ಅನಿರೀಕ್ಷಿತ ಸ್ಥಳಗಳಲ್ಲಿ ಜನ್ಮ ತಾಳಿದವು. ಎವರ್ಟನ್ ಹುಟ್ಟಿದ್ದು ಚರ್ಚೊಂದರ ಯುವಕರ ಕೂಟದಲ್ಲಿ. ಆರ್ಸೆನಲ್ ಹುಟ್ಟಿದ್ದು 1886ರಲ್ಲಿ, ಮದ್ದುಗುಂಡಿನ ಕಾರ್ಖಾನೆಯ ಕಾರ್ಮಿಕರಿಂದ. ಮ್ಯಾಂಚೆಸ್ಟರ್ ಯುನೈಟೆಡ್‌ನ ಮೂಲ 1878ರಲ್ಲಿ ರೈಲ್ವೆ ನೌಕರರು ಕಟ್ಟಿಕೊಂಡ ತಂಡದಲ್ಲಿದೆ. ಜನ ದಿನನಿತ್ಯ ಕೂಡುತ್ತಿದ್ದ ಜಾಗವೇ ಅಲ್ಲಿ ತಂಡವಾಯಿತು; ತಂಡವು ಊರಿನ ಮಾನವಾಯಿತು. ಕೊಲ್ಲಾಪುರದಲ್ಲಿ ಜನ ಕೂಡುತ್ತಿದ್ದ ಜಾಗ ತಾಲೀಮು. ಆ ತಾಲೀಮುಗಳಿಗೆ ಅನ್ನ, ಗೌರವ ಹಾಗೂ ಭವ್ಯವಾದ ಒಂದು ಕಣವನ್ನು ಒದಗಿಸಿದವರು ಛತ್ರಪತಿ ಶಾಹೂ ಮಹಾರಾಜರು.

ಮೀಸಲಾತಿಯ ಹರಿಕಾರರೆಂದು ಶಾಹೂ ಮಹಾರಾಜರನ್ನು ನಾಡು ಬಲ್ಲದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳೆಯ ಪೈಲ್ವಾನರ ಮನೆಗಳಲ್ಲಿ ಅವರ ನೆನಪು ಉಳಿದಿರುವುದು ಮೊದಲಿಗೆ ಕುಸ್ತಿಯ ಅರಸನೆಂದು. ಈ ಎರಡು ಚಿತ್ರಗಳು ಬೇರೆ ಬೇರೆಯಲ್ಲ. ಹುಟ್ಟನ್ನು ಕೇಳದೆ ಕಸುವನ್ನು ಮಾತ್ರ ಅಳೆಯುವ ಕಣದ ನ್ಯಾಯವನ್ನೇ ಅವರು ಶಾಲೆಗೆ, ಕಚೇರಿಗೆ ಹಾಗೂ ಚಹಾದ ಅಂಗಡಿಗೂ ತರಲು ಯತ್ನಿಸಿದರು.

ಕಾಗಲದ ಬಾಲಕ, ಮುಧೋಳದ ಮೊಮ್ಮಗ

ಶಾಹೂ ಅವರ ಹುಟ್ಟು ಹೆಸರು ಯಶವಂತರಾವ್. 1874ರ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಜನನ. ನಿಪ್ಪಾಣಿಯಿಂದ ಕೊಲ್ಲಾಪುರದ ದಾರಿ ಹಿಡಿದವರಿಗೆ ಗಡಿ ದಾಟಿದ ಕೂಡಲೇ ಸಿಗುವ ಊರು ಕಾಗಲ. ತಂದೆ ಜಯಸಿಂಗರಾವ್ ಅಲ್ಲಿನ ಜಹಗೀರದಾರರು. ತಾಯಿ ರಾಧಾಬಾಯಿ ಮುಧೋಳದ ಘೋರ್ಪಡೆ ಅರಸು ಮನೆತನದ ಮಗಳು. ಹೀಗೆ ತಾಯಿಯ ಕಡೆಯಿಂದ ಶಾಹೂ ಕನ್ನಡ ನೆಲದ ಮೊಮ್ಮಗ. ಆದರೆ ಆ ತಾಯಿಯ ಮಡಿಲು ಬಾಲಕನಿಗೆ ಬಹುಕಾಲ ದಕ್ಕಲಿಲ್ಲ. ಮೂರರ ಎಳೆಯ ವಯಸ್ಸಿನಲ್ಲಿಯೇ ಆತ ತಾಯಿಯನ್ನು ಕಳೆದುಕೊಂಡ.

ಕೊಲ್ಲಾಪುರದ ಗಾದಿಗೆ ವಾರಸುದಾರರಿಲ್ಲದ ಸಂದರ್ಭದಲ್ಲಿ ವಿಧವೆ ರಾಣಿ ಆನಂದಿಬಾಯಿ 1884ರ ಮಾರ್ಚ್ 17ರಂದು ಯಶವಂತರಾವ್ ಅವರನ್ನು ದತ್ತು ಸ್ವೀಕರಿಸಿದರು. ಅಂದಿನಿಂದ ಆತ ಶಾಹೂ. ಎರಡು ವರ್ಷಗಳಲ್ಲಿ ಹೆತ್ತ ತಂದೆಯೂ ತೀರಿಕೊಂಡರು. ಹನ್ನೆರಡು ತುಂಬುವ ಹೊತ್ತಿಗೆ ಹೆತ್ತವರಿಬ್ಬರನ್ನೂ ಕಳೆದುಕೊಂಡ ಬಾಲಕನ ಮುಂದೆ ಒಂದು ಸಂಸ್ಥಾನವಿತ್ತು.

ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಕೆಲಕಾಲ ವ್ಯಾಸಂಗ ನಡೆಯಿತು. ಅನಂತರದ ಶಿಕ್ಷಣಕ್ಕೆ ಆರಿಸಿಕೊಂಡ ಊರು ಧಾರವಾಡ. ಅಲ್ಲಿ ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿಯ ಮಾರ್ಗದರ್ಶನದಲ್ಲಿ ತರುಣ ಅರಸರು ಇತಿಹಾಸ, ಆಡಳಿತ, ಇಂಗ್ಲಿಷ್ ಭಾಷೆಗಳನ್ನು ಅಭ್ಯಸಿಸಿದರು. ಇದೇ ಫ್ರೇಸರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೂ ಗುರುವಾದರು. ಹಿಂದುಳಿದವರ ಪ್ರಾತಿನಿಧ್ಯದ ಪ್ರಶ್ನೆಯನ್ನು ರಾಜ್ಯದ ಪ್ರಶ್ನೆಯಾಗಿಸಿದ ಇಬ್ಬರು ಅರಸರು ಒಬ್ಬನೇ ಗುರುವಿನ ಶಿಷ್ಯರಾಗಿದ್ದರೆಂಬುದು ಗಮನಾರ್ಹ ಸಂಗತಿ.

ಪುಸ್ತಕದ ಓದಿನಷ್ಟೇ ಅವರಿಗೆ ಮೆಚ್ಚಾದದ್ದು ದೇಹದ ಸಾಧನೆ. ಕುದುರೆ ಸವಾರಿ, ಬೇಟೆ, ಕುಸ್ತಿ ಇವು ಅವರ ಬಾಲ್ಯದ ಹಂಬಲಗಳು. ಎತ್ತರದ ನಿಲುವು, ವಿಶಾಲವಾದ ಭುಜ, ಗಟ್ಟಿ ಮೈಕಟ್ಟು. ನೋಡಿದವರಿಗೆ ಅರಸನಿಗಿಂತ ಮೊದಲು ಪೈಲ್ವಾನನೇ ಕಾಣುವಂತಿತ್ತು. 1894ರ ಏಪ್ರಿಲ್ 2ರಂದು ಇಪ್ಪತ್ತರ ಹರೆಯದಲ್ಲಿ ಅವರು ರಾಜ್ಯಾಧಿಕಾರವನ್ನು ವಹಿಸಿಕೊಂಡರು.

ರಾಯಬಾಗವೂ ಅವರ ಆಳ್ವಿಕೆಯಲ್ಲಿ

ಅಂದಿನ ಕೊಲ್ಲಾಪುರ ಸಂಸ್ಥಾನದ ಮೇರೆ ಇಂದಿನ ರಾಜ್ಯ ಗಡಿಯಂತಿರಲಿಲ್ಲ. ರಾಯಬಾಗ ಮತ್ತು ಕಟಕೋಳ ಪ್ರದೇಶಗಳು ಕೊಲ್ಲಾಪುರಕ್ಕೆ ಸೇರಿದ್ದವು. ಚಿಕ್ಕೋಡಿಯೂ ಒಂದು ಕಾಲಕ್ಕೆ ಅದೇ ಸಂಸ್ಥಾನದ್ದಾಗಿದ್ದು, 1820ರ ದಶಕದ ಒಪ್ಪಂದಗಳಲ್ಲಿ ಬ್ರಿಟಿಷರ ಪಾಲಾಗಿತ್ತು. ಹೀಗಾಗಿ ಶಾಹೂ ಅವರ ಕಾಲದಲ್ಲಿ ರಾಯಬಾಗದ ರೈತನಿಗೆ ಅರಸ ಕೊಲ್ಲಾಪುರದಲ್ಲಿದ್ದರೆ, ಕೆಲವೇ ಹರಿದಾರಿ ದೂರದ ಚಿಕ್ಕೋಡಿಯ ರೈತ ಮುಂಬಯಿ ಪ್ರಾಂತದ ಪ್ರಜೆ. ಸಂತೆ, ಜಾತ್ರೆ, ಬೀಗತನ ಮತ್ತು ಕುಸ್ತಿಗಳಿಗೆ ಮಾತ್ರ ಈ ಗೆರೆಗಳ ಹಂಗಿರಲಿಲ್ಲ. 1891ರಲ್ಲಿ ಮೀರಜ್–ಕೊಲ್ಲಾಪುರ ರೈಲು ಆರಂಭವಾದ ಬಳಿಕವಂತೂ ಕೃಷ್ಣಾ ತೀರದ ಊರುಗಳಿಗೆ ಕೊಲ್ಲಾಪುರ ಇನ್ನಷ್ಟು ಸಮೀಪವಾಯಿತು.

ಅಧಿಕಾರಕ್ಕೆ ಬಂದ ತರುಣ ಅರಸರಿಗೆ ಮೊದಲು ಕಣ್ಣಿಗೆ ಬಿದ್ದದ್ದು ಕಚೇರಿಯ ಸ್ಥಿತಿ. ಸಾಮಾನ್ಯ ಆಡಳಿತದ 71 ಹುದ್ದೆಗಳ ಪೈಕಿ 60ರಲ್ಲಿ ಒಂದೇ ವರ್ಣದವರಿದ್ದರು. ಬಹುಸಂಖ್ಯಾತ ರೈತಾಪಿ ಮತ್ತು ಕಸುಬುದಾರ ಜನಕ್ಕೆ ಅಕ್ಷರವೂ ಇಲ್ಲ, ಅಧಿಕಾರವೂ ಇಲ್ಲ. ಪಟ್ಟವೇರಿದ ಕೆಲವೇ ವರ್ಷಗಳಲ್ಲಿ ಬರಗಾಲವೂ ಪ್ಲೇಗೂ ಒಂದರ ಹಿಂದೊಂದು ಎರಗಿದವು. ಜನರ ಸಂಕಟವನ್ನು ಹತ್ತಿರದಿಂದ ಕಾಣುವ ಪ್ರಸಂಗ ಒದಗಿತು.

ಅರಸನಿಗೇ ತಟ್ಟಿದ ಅವಮಾನ

1899ರಲ್ಲಿ ನಡೆದ ಒಂದು ಘಟನೆ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಪಂಚಗಂಗಾ ನದಿಯ ಸ್ನಾನದ ಹೊತ್ತಿನಲ್ಲಿ ಪುರೋಹಿತರು ವೇದಮಂತ್ರಗಳಿಗೆ ಬದಲಾಗಿ ಪುರಾಣೋಕ್ತ ಮಂತ್ರಗಳನ್ನು ಪಠಿಸುತ್ತಿರುವುದು ಬೆಳಕಿಗೆ ಬಂತು. ವೇದೋಕ್ತ ವಿಧಿಗೆ ಅರಸರು ಅರ್ಹರಲ್ಲವೆಂಬುದು ಪುರೋಹಿತರ ನಿಲುವಾಗಿತ್ತು. ಶಿವಾಜಿ ಮಹಾರಾಜರ ಗಾದಿಯ ಮೇಲೆ ಕುಳಿತವರನ್ನೇ ಹುಟ್ಟಿನ ಕಾರಣಕ್ಕೆ ಕೆಳಗಿರಿಸುವುದಾದರೆ ಸಾಮಾನ್ಯ ಪ್ರಜೆಯ ಪಾಡೇನು ಎಂಬ ಪ್ರಶ್ನೆ ಅವರನ್ನು ಬಿಡದೆ ಕಾಡಿತು. ವೇದೋಕ್ತ ಪ್ರಕರಣವೆಂದು ಹೆಸರಾದ ಈ ವಿವಾದ ಹಲವು ವರ್ಷ ನಡೆಯಿತು. ರಾಜಪುರೋಹಿತರ ಇನಾಮು ಜಪ್ತಿಯಾಯಿತು. ಪತ್ರಿಕೆಗಳಲ್ಲಿ ಕಟುವಾದ ಚರ್ಚೆಗಳಾದವು.

ಅವಮಾನವನ್ನು ಕೇವಲ ತಮ್ಮ ಮನೆತನದ ಜಗಳವಾಗಿ ಅವರು ಮುಗಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ತಮಗೆ ತಟ್ಟಿದ ನೋವಿನಿಂದ ತಮಗಿಂತ ಕೆಳಗಿರಿಸಲ್ಪಟ್ಟವರ ನೋವನ್ನು ಅರಿತರು. 1901ರಿಂದ ಕೊಲ್ಲಾಪುರದಲ್ಲಿ ವಿದ್ಯಾರ್ಥಿ ವಸತಿಗೃಹಗಳು ಒಂದೊಂದಾಗಿ ತಲೆ ಎತ್ತಿದವು. ಮರಾಠ, ಜೈನ, ಮುಸ್ಲಿಂ, ಲಿಂಗಾಯತ ಸಮುದಾಯಗಳ ಮಕ್ಕಳಿಗೆ ಬೋರ್ಡಿಂಗುಗಳಾದವು. 1908ರಲ್ಲಿ ಅಸ್ಪೃಶ್ಯ ಮಕ್ಕಳಿಗೆಂದು ಮಿಸ್ ಕ್ಲಾರ್ಕ್ ವಸತಿಗೃಹ ಸ್ಥಾಪನೆಯಾಯಿತು. ಜಾತಿಗೊಂದು ಬೋರ್ಡಿಂಗು ಕಟ್ಟಿ ಜಾತಿಯನ್ನೇ ಬೆಳೆಸಿದರೆಂಬ ಟೀಕೆ ಇದಕ್ಕೆ ಇಲ್ಲದಿಲ್ಲ. ಆದರೆ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಒಂದು ತುತ್ತು, ಒಂದು ಚಾಪೆ ದೊರೆಯದ ಕಾಲದಲ್ಲಿ ಓದಿಗೆ ಇದ್ದ ಬಾಗಿಲು ಅದೊಂದೇ ಆಗಿತ್ತು.

1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ನಿಮಿತ್ತ ಶಾಹೂ ಇಂಗ್ಲೆಂಡಿಗೆ ತೆರಳಿದರು. ಅವರು ಪ್ರವಾಸದಲ್ಲಿದ್ದಾಗಲೇ ಜುಲೈ 26ರಂದು ಸಂಸ್ಥಾನದ ಗೆಜೆಟ್ಟಿನಲ್ಲಿ ಒಂದು ಆಜ್ಞೆ ಪ್ರಕಟವಾಯಿತು. ತೆರವಾಗುವ ಸರಕಾರಿ ಹುದ್ದೆಗಳಲ್ಲಿ ಶೇಕಡಾ 50ನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಡಬೇಕೆಂಬುದು ಅದರ ಸಾರ. ಮೈಸೂರಿನಲ್ಲಿ ಮಿಲ್ಲರ್ ಸಮಿತಿ ರಚನೆಯಾದದ್ದು ಇದಾದ 16 ವರ್ಷಗಳ ಮೇಲೆ, 1918ರಲ್ಲಿ.

ರೋಮಿನ ನೆನಪು, ಖಾಸಬಾಗದ ಕಣ

ಅದೇ ಪ್ರವಾಸದಲ್ಲಿ ರೋಮ್ ನಗರದ ಪ್ರಾಚೀನ ಬಯಲು ರಂಗಮಂದಿರ ಅವರ ಮನ ಸೆಳೆಯಿತು. ವರ್ತುಲಾಕಾರದ ಕಣ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನ. ಸಾವಿರಾರು ಜನ ಏಕಕಾಲಕ್ಕೆ ಕುಳಿತು ಒಂದೇ ನೋಟವನ್ನು ಕಾಣಬಹುದಾದ ರಚನೆ. ಇಂಥದೊಂದು ತಮ್ಮ ಊರಿನ ಕುಸ್ತಿಗೂ ಬೇಕೆಂದು ಅವರು ಬಯಸಿದರು. 1907ರಲ್ಲಿ ಆರಂಭವಾದ ಖಾಸಬಾಗ ಕುಸ್ತಿ ಮೈದಾನದ ಕೆಲಸ 1912ರಲ್ಲಿ ಪೂರ್ಣಗೊಂಡಿತು.

ಖಾಸಬಾಗದ ವೈಶಿಷ್ಟ್ಯವಿರುವುದು ಅದರ ನೆಲದ ಇಳಿಜಾರಿನಲ್ಲಿ. ನಡುವಿನ ಮಣ್ಣಿನ ಕಣ ತಗ್ಗಿನಲ್ಲಿದೆ. ಸುತ್ತಲ ನೆಲ ಕ್ರಮೇಣ ಏರುತ್ತ ಹೋಗುತ್ತದೆ. ಕೊನೆಯ ಸಾಲಿನಲ್ಲಿ ಕುಳಿತ ಕೂಲಿಯವನಿಗೂ ಮುಂದಿನವನ ತಲೆ ಅಡ್ಡಬಾರದು. ಯಾವ ಪೈಲ್ವಾನ್ ಯಾವ ಪಟ್ಟು ಹಾಕಿದ, ಯಾರ ಬೆನ್ನು ಮಣ್ಣಿಗೆ ತಾಗಿತು ಎಂಬುದು ಎಲ್ಲರಿಗೂ ಒಂದೇ ಸಮನೆ ಕಾಣಬೇಕು. ಅರಮನೆಯ ಅಂಗಳದಲ್ಲಿ ಆಹ್ವಾನಿತರ ಮುಂದೆ ನಡೆಯಬಹುದಾಗಿದ್ದ ಕುಸ್ತಿಯನ್ನು ಅವರು ಹೀಗೆ ಜನಸಾಗರದ ನಡುವೆ ತಂದಿರಿಸಿದರು. ಪಕ್ಕದಲ್ಲಿಯೇ 1915ರಲ್ಲಿ ಪ್ಯಾಲೇಸ್ ಥಿಯೇಟರ್ ಎಂಬ ನಾಟಕಗೃಹವೂ ಸಿದ್ಧವಾಯಿತು. ಮುಂದೆ ಕೇಶವರಾವ್ ಭೋಸಲೆ ರಂಗಮಂದಿರವೆಂದು ಹೆಸರಾದ ಆ ಕಟ್ಟಡ 2024ರ ಆಗಸ್ಟ್‌ನಲ್ಲಿ ಬೆಂಕಿಗೆ ಆಹುತಿಯಾದಾಗ ಗಡಿಯ ಎರಡೂ ಕಡೆಯ ಕಲಾಪ್ರಿಯರು ಮರುಗಿದರು.

ಮೈದಾನದ ಉದ್ಘಾಟನೆಗೆ ಗೊತ್ತುಪಡಿಸಿದ ಜೋಡಿ ಇಮಾಮ್ ಬಕ್ಷ್ ಮತ್ತು ಗುಲಾಂ ಮೊಹಿದ್ದೀನ್. ಇಮಾಮ್ ಬಕ್ಷ್ ಜಗದ್ವಿಖ್ಯಾತ ಗಾಮಾ ಪೈಲ್ವಾನನ ತಮ್ಮ. 1910ರಲ್ಲಿ ಲಂಡನ್ನಿನಲ್ಲಿ ಸ್ವಿಟ್ಜರ್ಲೆಂಡಿನ ಜಾನ್ ಲೆಮ್‌ನನ್ನು ಕೆಡವಿದ ಮಲ್ಲ. ಖಾಸಬಾಗದಲ್ಲಿಯೂ ಗೆಲುವು ಆತನದೇ ಆಯಿತು. ಉತ್ತರ ಹಿಂದುಸ್ಥಾನದ ಮಲ್ಲರನ್ನು ಕರೆಸಿ ಆಶ್ರಯ ಕೊಟ್ಟ ಮಹಾರಾಜರು ಅವರ ಪಟ್ಟುಗಳನ್ನು ಸ್ಥಳೀಯ ಹುಡುಗರು ಕಲಿಯುವಂತೆ ಮಾಡಿದರು. ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿಯ ಖುರಾಕನ್ನು ಸಂಸ್ಥಾನವೇ ನೋಡಿಕೊಳ್ಳುತ್ತಿತ್ತು. ಪೇಟೆಗೊಂದು ತಾಲೀಮು, ತಾಲೀಮಿಗೊಬ್ಬ ವಸ್ತಾದ, ವಸ್ತಾದನ ಹಿಂದೆ ಇಡೀ ಪೇಟೆ – ಈ ಕಟ್ಟು ಬಲವಾದದ್ದು ಆ ಕಾಲದಲ್ಲಿ.

ಆದರೆ ಕಣದಲ್ಲಿಯೂ ಜಾತಿ ಇಣುಕುತ್ತಿತ್ತು. ಅಸ್ಪೃಶ್ಯ ಪೈಲ್ವಾನನ ಹೆಸರು ಕೂಗಿದೊಡನೆ ಎದುರಾಳಿ ಹಿಂದೆ ಸರಿಯುವ ಭಯವಿತ್ತು. ಶಾಹೂ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು. ಮಹಾರ, ಚಮ್ಮಾರ, ಭಂಗಿ ಸಮುದಾಯಗಳ ಪೈಲ್ವಾನರಿಗೆ ಜಾಠ, ಸರದಾರ, ಪಂಡಿತ ಎಂಬ ಗೌರವದ ಉಪನಾಮಗಳನ್ನು ನೀಡಿದರು. ಹೆಸರಿನ ಜೊತೆ ಅಂಟಿಕೊಂಡಿದ್ದ ಕೀಳರಿಮೆ ಬದಿಗೆ ಸರಿದು ಭುಜಬಲವೊಂದೇ ಕಣದಲ್ಲಿ ಉಳಿಯಲಿ ಎಂಬುದು ಇದರ ಉದ್ದೇಶ. ಹೆಸರು ಬದಲಿಸಿದ ಮಾತ್ರಕ್ಕೆ ಸಮಾಜ ಬದಲಾಗಲಿಲ್ಲ, ನಿಜ. ಆದರೆ ಮಣ್ಣಿನಲ್ಲಿ ಮೈಗೆ ಮೈ ತಾಗಿಸಿ ಸೆಣಸುವ ಆಟದಲ್ಲಿ ಮೈಲಿಗೆಯ ಮಾತು ನಿಲ್ಲಲಾರದೆಂಬ ಸತ್ಯವನ್ನು ಸಾವಿರಾರು ಕಣ್ಣುಗಳು ಪ್ರತ್ಯಕ್ಷ ಕಂಡವು.

ಚಹಾದ ಬಟ್ಟಲಿನಲ್ಲಿ ಸಮತೆ

ಕಣದ ಈ ಪಾಠವನ್ನು ಮಹಾರಾಜರು ಬೀದಿಗೂ ತಂದರು. ಅರಮನೆಯ ಕುದುರೆಲಾಯದಲ್ಲಿ ಕೆಲಸಕ್ಕಿದ್ದ ಗಂಗಾರಾಮ ಕಾಂಬಳೆ ಮೇಲ್ಜಾತಿಯವರ ನೀರು ಮುಟ್ಟಿದನೆಂದು ಪೆಟ್ಟು ತಿಂದ. ವಿಷಯ ತಿಳಿದ ಶಾಹೂ ಹೊಡೆದವರನ್ನು ಶಿಕ್ಷಿಸಿದ್ದಲ್ಲದೆ, ಗಂಗಾರಾಮನಿಗೆ ಚಹಾದ ಅಂಗಡಿ ತೆರೆಯಲು ನೆರವಾದರು. ಅಂಗಡಿಯೇನೋ ತೆರೆಯಿತು, ಗಿರಾಕಿಗಳು ಬರಬೇಕಲ್ಲ! ಮಹಾರಾಜರ ಗಾಡಿಯೇ ಅಂಗಡಿಯ ಮುಂದೆ ನಿಲ್ಲತೊಡಗಿತು. ತಾವೂ ಚಹಾ ಕುಡಿದು ಜೊತೆಗಿದ್ದ ಸರದಾರರಿಗೂ ಕುಡಿಸಿದರು. ಅರಸನ ಕೈಯಲ್ಲಿನ ಬಟ್ಟಲನ್ನು ಕಂಡ ಮೇಲೆ ಬೇಡವೆನ್ನುವ ಧೈರ್ಯ ಯಾರಿಗಿದ್ದೀತು?

1917ರಲ್ಲಿ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು. ಮಗುವನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ತಿಂಗಳಿಗೆ 1 ರೂಪಾಯಿ ದಂಡ. ಅಂದಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ನೆರೆಯ ಮುಂಬಯಿ ಪ್ರಾಂತದಲ್ಲಿ 1918ರ ಕಾನೂನು ಇಂಥ ಅಧಿಕಾರವನ್ನು ಪುರಸಭೆಗಳಿಗಷ್ಟೇ ನೀಡಿತ್ತು. ವಿಧವಾ ವಿವಾಹ, ಅಂತರ್ಜಾತಿ ವಿವಾಹಗಳಿಗೆ ಕಾನೂನಿನ ಮಾನ್ಯತೆ ದೊರೆಯಿತು. ಕುಲಕರ್ಣಿ ವತನ ರದ್ದಾಯಿತು. ಶಾಲೆ, ಆಸ್ಪತ್ರೆ, ಬಾವಿ, ಕಚೇರಿಗಳಲ್ಲಿ ಅಸ್ಪೃಶ್ಯತೆ ಆಚರಿಸಬಾರದೆಂದು 1919ರಲ್ಲಿ ಆಜ್ಞೆಗಳು ಹೊರಟವು. ದಲಿತರಲ್ಲಿ ಓದಿದವರಿಗೆ ತಲಾಠಿಯ ಕೆಲಸ, ವಕೀಲಿಯ ಸನದು ದೊರೆತವು.

1920ರ ಮಾರ್ಚ್‌ನಲ್ಲಿ ಕಾಗಲ ಜಹಗೀರಿನ ಮಾಣಗಾಂವದಲ್ಲಿ ನಡೆದ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ತರುಣ ಬಿ.ಆರ್. ಅಂಬೇಡ್ಕರ್ ಅವರನ್ನು ದಲಿತರ ನಿಜವಾದ ನಾಯಕರೆಂದು ಜನರ ಮುಂದೆ ಪರಿಚಯಿಸಿದರು. ಅಂಬೇಡ್ಕರರ ಮೂಕನಾಯಕ ಪತ್ರಿಕೆಗೂ ಅವರ ಧನಸಹಾಯವಿತ್ತು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಸೇರಿದ ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷಪೀಠವನ್ನೂ ಅವರು ಅಲಂಕರಿಸಿದರು. ಇದಕ್ಕೆ ಮುಂಚೆ, 1919ರಲ್ಲಿ ಕಾನ್ಪುರದ ಕುರ್ಮಿ ಸಮಾಜ ಅವರಿಗೆ ರಾಜರ್ಷಿ ಎಂಬ ಬಿರುದು ನೀಡಿ ಗೌರವಿಸಿತ್ತು.

ಸೋಲು, ಶೋಕ, ಅಂತ್ಯ

ಎಲ್ಲ ಕುಸ್ತಿಗಳಲ್ಲಿಯೂ ಮಹಾರಾಜರು ಗೆದ್ದರೆಂದಲ್ಲ. 1918ರ ಜೂನ್‌ನಲ್ಲಿ ಕಿರಿಯ ಮಗ ಶಿವಾಜಿ ಕಾಡುಹಂದಿಯ ಬೇಟೆಯ ವೇಳೆ ಅಪಘಾತಕ್ಕೀಡಾಗಿ ಮೃತಪಟ್ಟ. ತಾವೇ ಮಕ್ಕಳಿಗೆ ಕಲಿಸಿದ ಸಾಹಸ ಮಗನ ಪ್ರಾಣವನ್ನು ಕೊಂಡೊಯ್ದದ್ದು ತಂದೆಯನ್ನು ಒಳಗೊಳಗೇ ಕುಸಿಯುವಂತೆ ಮಾಡಿತು. ಭೋಗಾವತಿ ನದಿಗೆ ಕಟ್ಟಲಾರಂಭಿಸಿದ ರಾಧಾನಗರಿ ಅಣೆಕಟ್ಟು ಹಣದ ಅಭಾವದಿಂದ ಅರ್ಧಕ್ಕೆ ನಿಂತಿತು. ಬ್ರಿಟಿಷ್ ಆಡಳಿತಕ್ಕೆ ಅವರು ತೋರಿದ ನಿಷ್ಠೆಯನ್ನು ರಾಷ್ಟ್ರೀಯ ಚಳವಳಿಯವರು ಕ್ಷಮಿಸಲಿಲ್ಲ. ಸಕ್ಕರೆ ಕಾಯಿಲೆ ಒಂದು ಕಾಲದ ಉಕ್ಕಿನ ದೇಹವನ್ನು ಸವೆಸಿತು. 1922ರ ಮೇ 6ರಂದು ಮುಂಬಯಿಯಲ್ಲಿ ಹೃದಯಾಘಾತದಿಂದ ಅವರು ಕೊನೆಯುಸಿರೆಳೆದರು. ಆಗ ಅವರಿಗೆ ಕೇವಲ 47 ವರ್ಷ.

ಅಣೆಕಟ್ಟು ಪೂರ್ತಿಯಾದದ್ದು ಸ್ವಾತಂತ್ರ್ಯಾನಂತರ, 1957ರಲ್ಲಿ. ಮಳೆಗಾಲದಲ್ಲಿ ರಾಧಾನಗರಿಯಿಂದ ನೀರು ಬಿಟ್ಟ ಸುದ್ದಿ ಬಂದೊಡನೆ ಕೃಷ್ಣೆಯ ದಂಡೆಯ ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳ ಹಳ್ಳಿಗಳು ಇಂದಿಗೂ ಎಚ್ಚರಗೊಳ್ಳುತ್ತವೆ. ಪಂಚಗಂಗೆಯ ಮೂಲಕ ಕೃಷ್ಣೆಯನ್ನು ಸೇರುವ ಆ ನೀರಿನ ಹಿಂದೆಯೂ ಶಾಹೂ ಅವರ ಕನಸಿದೆ.

ಮಣ್ಣು ಮರೆಯದ ಋಣ

1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಾಗ ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು. 1956ರಲ್ಲಿ ರಾಜ್ಯಗಳ ಮೇರೆಗಳು ಮತ್ತೆ ಬದಲಾದವು. ಆದರೆ ಪೈಲ್ವಾನರ ಹಾದಿ ಬದಲಾಗಲಿಲ್ಲ. ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ 1934ರಲ್ಲಿ ಜನಿಸಿದ ಶ್ರೀಪತಿ ಖಂಚನಾಳೆ ಕುಸ್ತಿ ಕಲಿಯಲು ಹೋದದ್ದು ಕೊಲ್ಲಾಪುರದ ಶಾಹೂಪುರಿ ತಾಲೀಮಿಗೆ. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಸೋಲಿಸಿ ದೇಶದ ಪ್ರಥಮ ಹಿಂದ್ ಕೇಸರಿ ಎನಿಸಿಕೊಂಡವರು ಈ ಖಂಚನಾಳೆ. 2020ರ ಡಿಸೆಂಬರ್‌ನಲ್ಲಿ ಅವರು ಕಣ್ಮುಚ್ಚಿದಾಗ ಯಕ್ಸಂಬಾ ಮತ್ತು ಕೊಲ್ಲಾಪುರ ಎರಡೂ ಊರುಗಳು ತಮ್ಮ ಮಗನನ್ನು ಕಳೆದುಕೊಂಡವು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗಳಿಸಿ, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದಿತ್ತರು.

ರಾಜಾಶ್ರಯ ಹೋದ ಮೇಲೆ ಪೈಲ್ವಾನನ ಖುರಾಕು ಆತನ ಮನೆಯವರ ಹೊರೆಯಾಯಿತು. ಅನೇಕ ಗರಡಿಮನೆಗಳ ಮಣ್ಣು ಒಣಗಿತು. ಆದರೆ ತಾಲೀಮು ಎಂಬ ಕೂಟ ಸಾಯಲಿಲ್ಲ. ಕುಸ್ತಿಯ ಹಿಂದೆ ನಿಂತಿದ್ದ ಪೇಟೆಯ ಅಭಿಮಾನ ಕೊಲ್ಲಾಪುರದಲ್ಲಿ ಫುಟ್ಬಾಲಿನ ಬೆನ್ನಿಗೆ ನಿಂತಿತು. ಅದೇ ಹೆಸರು, ಅದೇ ಕಟ್ಟೆ, ಅದೇ ಹಲಗೆಯ ಸದ್ದು; ಬದಲಾದದ್ದು ಆಟ ಮಾತ್ರ. 2017ರಲ್ಲಿ ಭಾರತದಲ್ಲಿ ಜರುಗಿದ 17 ವರ್ಷದೊಳಗಿನವರ ಫುಟ್ಬಾಲ್ ವಿಶ್ವಕಪ್‌ನಲ್ಲಿ ಆಡಿದ ಅನಿಕೇತ್ ಜಾಧವ ಇದೇ ಊರಿನ ಹುಡುಗ. ಇತ್ತ ಗಡಿಭಾಗದ ಜಾತ್ರೆಗಳಲ್ಲಿ ಜಂಗೀ ಕುಸ್ತಿಗಳು ಇಂದಿಗೂ ಜನರನ್ನು ಸೆಳೆಯುತ್ತಿವೆ. ಕನ್ನಡ ಮಾತಾಡುವವನೂ ಮರಾಠಿ ಮಾತಾಡುವವನೂ ಒಂದೇ ಕಣದ ಸುತ್ತ ಒತ್ತಿಕೊಂಡು ಕುಳಿತು ಒಬ್ಬನೇ ಪೈಲ್ವಾನನಿಗೆ ಜಯಕಾರ ಹಾಕುತ್ತಾರೆ.

2009ರಲ್ಲಿ ಶಾಹೂ ಮಹಾರಾಜರ ಪ್ರತಿಮೆ ಸಂಸತ್ ಭವನದ ಆವರಣದಲ್ಲಿ ಅನಾವರಣಗೊಂಡಿತು. ಅದು ಅರ್ಹವಾದ ಗೌರವ. ಆದರೆ ಅವರ ಇನ್ನೊಂದು ಸ್ಮಾರಕ ಖಾಸಬಾಗದ ಆ ತಗ್ಗಿನ ಕಣದಲ್ಲಿಯೇ ಇದೆ. ಮುಂದಿನ ಸಾಲಿನವನಿಗೆ ಎಷ್ಟು ಕಾಣುತ್ತದೆಯೋ ಹಿಂದಿನ ಸಾಲಿನವನಿಗೂ ಅಷ್ಟೇ ಕಾಣಬೇಕೆಂದು ನೆಲವನ್ನೇ ಇಳಿಜಾರು ಮಾಡಿಸಿದ ಅರಸ ಸಮಾಜವನ್ನೂ ಹಾಗೆಯೇ ಕಟ್ಟಲು ಹೊರಟಿದ್ದರು. ಮೊದಲನೆಯ ಕೆಲಸ ಐದು ವರ್ಷಗಳಲ್ಲಿ ಮುಗಿಯಿತು. ಎರಡನೆಯದು ಇನ್ನೂ ಮುಗಿದಿಲ್ಲ.